ಸಾಲು ಬಾಗಿದ ಮೂಲೆಯ ಕಳ್ಳಿ

ಸೊಕ್ಕೆ
12 ಜೂನ್ 2024

ನನ್ನ ಮುದ್ದಿನ ದೊಡ್ಡಮ್ಮಾ,

ನೀನು ಮದುವೆಗೆ ಕೊಟ್ಟ ಇನ್‌ಲ್ಯಾಂಡ್ ಲೆಟರ್‌ಗಳ ಕಟ್ಟನ್ನು ಇವತ್ತು ಬಿಚ್ಚಿದೆ! ಉಳಿದವರೆಲ್ಲ ಮಿಕ್ಸಿ, ಬೆಳ್ಳಿ ದೀಪ, ಗೋಡೆ ಗಡಿಯಾರ ಕೊಟ್ಟರೆ ನೀನೊಬ್ಬಳು ಪ್ರತಿ ಕಾಗದದ ಮೇಲೂ ನಿನ್ನ ಹೊನ್ನಾಳಿ ವಿಳಾಸ ಬರೆದು, ‘ಫೋನಿನಾಗೆ ನೀ ಬರೀ ಕಿರುಚ್ತೀಯ, ಏನೂ ಹೇಳಲ್ಲ. ಬರೆದ್ರೆ ಹೇಳ್ತೀಯ’ ಅಂತ ಕೈಗಿಟ್ಟೆ. ರಿಟೈರ್ ಆದರೂ ಟೀಚರ್ ಬುದ್ಧಿ ಹೋಗಲಿಲ್ಲ ನೋಡು! ಇಂಗ್ಲಿಷ್ ಮೀಡಿಯಂ ಹುಡುಗಿಯ ತಪ್ಪುಗಳನ್ನು ಕೆಂಪು ಇಂಕಿನಲ್ಲಿ ತಿದ್ದಿ ವಾಪಸ್ ಕಳಿಸಬೇಡ, ಪ್ಲೀಸ್.

ನಾನು ಎಷ್ಟು ಖುಷಿಯಾಗಿದ್ದೇನೆ ಗೊತ್ತಾ? ಇಲ್ಲಿ ಆಕಾಶ ಎಷ್ಟು ದೊಡ್ಡದು! ನಮ್ಮ ಚನ್ನಗಿರಿಯಲ್ಲಿ ಕತ್ತೆತ್ತಿದರೆ ತೋಟ, ಇಲ್ಲಿ ಕತ್ತೆತ್ತಿದರೆ ಗಾಳಿಯಂತ್ರ. ಅವು ಕೆಟ್ಟರೆ ಏಣಿ ಹತ್ತಿ ರಿಪೇರಿ ಮಾಡುವವನು ನನ್ನ ಗುರು! ಗುರುಬಸವರಾಜ್ ಅಂತ ಪೂರ್ತಿ ಕರೆದರೆ ಅವನಿಗೆ ತಾನೇನೋ ತಪ್ಪು ಮಾಡಿದೆ ಅನ್ನಿಸುತ್ತದಂತೆ. ಗಾಳಿಯಂತ್ರಗಳು ದಿನವಿಡೀ ಯಾರೋ ಉಸಿರು ಎಳೆದು ಬಿಟ್ಟಂತೆ ಸದ್ದು ಮಾಡುತ್ತವೆ. ಮೊದಲು ಹೆದರಿದೆ, ಈಗ ಅದಿಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ನನ್ನ ಕ್ಯಾಕ್ಟಸ್ ಮಕ್ಕಳೆಲ್ಲ ಮದುವೆ ಕಾರಿನಲ್ಲೇ ಬಂದವು. ಮೊಲದ ಕಿವಿಯ ಹಾಗಿರುವ ಚಿಂಟು, ಮೈತುಂಬ ಬಿಳಿ ಕೂದಲಿನ ತಾತಪ್ಪ, ಕೆಂಪು ಟೋಪಿಯ ಪಿಂಕಿ. ಬಂಗಾರದ ಮುಳ್ಳಿನ ದುಂಡನೆಯದು ಒಂದಿದೆಯಲ್ಲ, ಅದನ್ನು ಹೊರದೇಶದವರು ‘ಅತ್ತೆಯ ದಿಂಬು’ ಅನ್ನುತ್ತಾರಂತೆ! ಪ್ರೇಮಮ್ಮ ಅತ್ತೆಗೆ ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ಕಳ್ಳಿ ಹೂವು ತಾಯಿಯ ಪ್ರೀತಿಯ ಗುರುತು ಅಂತಲೂ ಎಲ್ಲೋ ಓದಿದೆ. ನೀರು ಹಾಕಿದರೂ ಬಿಟ್ಟರೂ ಸಾಯದ ಪ್ರೀತಿ! ಚೆನ್ನಾಗಿದೆ ಅಲ್ವಾ?

ಅತ್ತೆ ಮಾತು ಕಮ್ಮಿ, ಒಳ್ಳೆಯವರು. ಮಾವ ಇನ್ನೂ ಕಮ್ಮಿ. ಗುರುಗೆ ಅಕ್ಕತಂಗಿಯರಿಲ್ಲ, ನಾದಿನಿಯ ಕಾಟವೂ ಇಲ್ಲ. ನಿನಗೆ ಮಕ್ಕಳಿಲ್ಲ, ಆದ್ದರಿಂದ ನಾನೇ ನಿನ್ನ ಮಗಳು. ಮಗಳ ಮನೆ ನೋಡಲು ಬೇಗ ಬಾ.

ನಿನ್ನ ರಕ್ಷಾ


ಹೊನ್ನಾಳಿ
20 ಜೂನ್ 2024

ರಕ್ಷಾ,

ನಿನ್ನ ಕಾಗದ ಓದಿದರೆ ಪಕ್ಕದಲ್ಲೇ ಕೂತು ಕಿರುಚಿದ ಹಾಗಾಯಿತು. ಸಂತೋಷ. ತಪ್ಪುಗಳನ್ನು ತಿದ್ದಿಲ್ಲ. ಒಂದು ಸಾಲು ತಿದ್ದಬೇಕು ಅನ್ನಿಸಿತು, ಬಿಟ್ಟೆ.

ನೀನು ಹೊರದೇಶದ ಕಳ್ಳಿಗಳ ಹೆಸರನ್ನೆಲ್ಲ ಹೇಳಿದೆ, ನಮ್ಮ ಕಡೆಯವು ನಿನಗೆ ಗೊತ್ತಿಲ್ಲ. ಬೇಲಿಗೆ ಚದುರಗಳ್ಳಿ, ಬೊಂತೆಗಳ್ಳಿ. ಮುರಿದರೆ ಹಾಲು ಬರುತ್ತದೆ, ಕಣ್ಣಿಗೆ ಬಿದ್ದರೆ ಕಷ್ಟ. ಆದರೆ ಅವು ನಿಜವಾಗಿ ಕ್ಯಾಕ್ಟಸ್ ಅಲ್ಲ ಅಂತ ನಿನ್ನಂಥವರು ಹೇಳುತ್ತೀರಿ. ನನ್ನ ಕಿಟಕಿಯ ಬ್ರಹ್ಮಕಮಲವೇ ಕ್ಯಾಕ್ಟಸ್ ಅಂತ ಹೋದ ಸಲ ಬಂದಾಗ ಹೇಳಿದ್ದೆಯಲ್ಲ, ಅದನ್ನು ನಾನಿನ್ನೂ ಕ್ಷಮಿಸಿಲ್ಲ. ಇನ್ನು ಅಂಗೈಯ ಹಾಗೆ ಚಪ್ಪಟೆಯಾಗಿರುವುದು ಡಬ್ಬುಗಳ್ಳಿ, ಪಾಪಾಸುಕಳ್ಳಿ ಅಂತಲೂ ಅನ್ನುತ್ತಾರೆ. ಅದು ಎಲ್ಲಿ ಬಿದ್ದರೂ ಅಲ್ಲೇ ಬೇರು ಬಿಡುತ್ತದೆ. ಅದಕ್ಕೇ ಜನ ಅದನ್ನು ಮನೆಯೊಳಗೆ ತರುವುದಿಲ್ಲ.

ನಿನ್ನ ಕುಂಡಗಳಲ್ಲಿ ಏನು ಬೇಕಾದರೂ ಬೆಳೆಸಿಕೋ. ಹೊಲದಲ್ಲಿರುವುದನ್ನು ಮಾತ್ರ ಅತ್ತೆಯನ್ನು ಕೇಳದೆ ಮುಟ್ಟಬೇಡ.

ದೊಡ್ಡಮ್ಮ, ಹಾಲಮ್ಮ


ಸೊಕ್ಕೆ
3 ಜುಲೈ 2024

ದೊಡ್ಡಮ್ಮಾ,

ನಿನ್ನ ಕಾಗದ ಬರುವಷ್ಟರಲ್ಲಿ ಮುಟ್ಟಿಯಾಗಿತ್ತು! ಬೈಯಬೇಡ, ಕೇಳು.

ನಮ್ಮ ಮೆಕ್ಕೆಜೋಳದ ಹೊಲದ ಮೂಲೆಯಲ್ಲಿ ಒಂದು ಡಬ್ಬುಗಳ್ಳಿ ಇದೆ. ಗಿಡ ಅನ್ನುವುದಕ್ಕಿಂತ ಮನೆ ಅನ್ನಬೇಕು, ನನಗಿಂತ ಎತ್ತರ. ಹಳದಿ ಹೂವು, ಕೆಂಪು ಹಣ್ಣು. ಇನ್ನೊಂದು ವಿಚಿತ್ರ ಹೇಳಲಾ? ಟ್ರ್ಯಾಕ್ಟರ್ ಸಾಲುಗಳೆಲ್ಲ ಸ್ಕೇಲ್ ಇಟ್ಟು ಗೆರೆ ಎಳೆದಂತೆ ಬಂದು, ಕಳ್ಳಿಯ ಹತ್ತಿರ ಬಾಗಿ, ಅದನ್ನು ಬಳಸಿಕೊಂಡು ಮುಂದೆ ಹೋಗುತ್ತವೆ. ಹೊಳೆ ಬಂಡೆಯನ್ನು ಬಳಸಿ ಹರಿದ ಹಾಗೆ! ‘ಮಾವ, ಇಲ್ಲಿ ಯಾಕೆ ಉತ್ತಿಲ್ಲ?’ ಅಂತ ಕೇಳಿದೆ. ‘ಉಳಾಕೆ ಬರಲ್ಲ’ ಅಂದು ಟವೆಲ್ ಕೊಡವಿ ಹೊರಟೇಬಿಟ್ಟರು.

ಅಡುಗೆಮನೆಯ ಇಕ್ಕಳ ಒಯ್ದು ಎರಡು ಎಲೆ ಕಿತ್ತುತಂದೆ. ನಾವು ಎಲೆ ಅನ್ನುತ್ತೇವೆ, ಅದು ಕಾಂಡ. ಎಲೆಗಳೇ ಮುಳ್ಳಾಗಿರುವುದು! ಒಂದನ್ನು ಕುಂಡದಲ್ಲಿ ನೆಟ್ಟೆ. ಇನ್ನೊಂದನ್ನು ಪೇಪರಿನಲ್ಲಿ ಸುತ್ತಿ, ಹೋಳಿಗೆ ಡಬ್ಬಿಯಲ್ಲಿಟ್ಟು, ಗುರುವಿನ ಆಫೀಸಿನ ಜೀಪು ಓಡಿಸುವ ಸಿದ್ದು ಕೈಯಲ್ಲಿ ನಿನಗೆ ಕಳಿಸಿದ್ದೇನೆ. ಡಬ್ಬಿ ವಾಪಸ್ ಬೇಕು, ಅತ್ತೆಯದು.

ಅತ್ತೆ ಕುಂಡ ನೋಡಿ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು.

‘ಎಲ್ಲಿಂದ ತಂದಿ ಇದನ್ನ?’

‘ಹೊಲದ ಮೂಲೆಯಿಂದ ಅತ್ತೆ.’

ಬೈಯುತ್ತಾರೆ ಅಂದುಕೊಂಡೆ. ಅವರು ಒಳಗೆ ಹೋಗಿ ಕೈಕಾಲು ತೊಳೆದು ಬಂದು ಕುಂಡದ ಮುಂದೆ ಕೂತರು. ದೇವರ ಮುಂದೆ ಕೂತ ಹಾಗೆ. ಆಮೇಲೆ, ‘ಎಲ್ಲಾದಕ್ಕೂ ಹೆಸರಿಟ್ಟೀಯಲ್ಲ, ಇದಕ್ಕೇನು ಇಟ್ಟಿ?’ ಅಂದರು.

‘ಇನ್ನೂ ಇಟ್ಟಿಲ್ಲ.’

‘ಇಡಬ್ಯಾಡ. ನೀ ಇಡಬ್ಯಾಡವ್ವ.’

ಎಷ್ಟು ಕ್ಯೂಟ್ ನೋಡು! ಕಡೆಗೂ ಅತ್ತೆಗೆ ನನ್ನ ಹುಚ್ಚು ಹಿಡಿಯಿತು.

ನಿನ್ನ ರಕ್ಷಾ


ಹೊನ್ನಾಳಿ
11 ಜುಲೈ 2024

ರಕ್ಷಾ,

ಡಬ್ಬಿ ತಲುಪಿತು. ಸಿದ್ದು ಕೈಯಲ್ಲೇ ವಾಪಸ್ ಕಳಿಸಿದ್ದೇನೆ. ಒಳಗಿದ್ದುದನ್ನು ಹೊಳೆಗೆ ಬಿಟ್ಟೆ.

ಸಾಲು ಬಾಗಿದ ಕಡೆ ಉಳುವವರು ಸುಮ್ಮನೆ ಬಾಗಿರುವುದಿಲ್ಲ. ಕುಂಡದಲ್ಲಿರುವುದು ಬೇರು ಬಿಡುವ ಮೊದಲು ಒಯ್ದು ಅದೇ ಜಾಗದಲ್ಲಿ ಇಟ್ಟು ಬಾ. ಯಾಕೆ ಅಂತ ನನ್ನನ್ನು ಕೇಳಬೇಡ. ನಿನ್ನ ಅತ್ತೆಯನ್ನಂತೂ ಕೇಳಲೇಬೇಡ.

ದೊಡ್ಡಮ್ಮ


ಸೊಕ್ಕೆ
19 ಆಗಸ್ಟ್ 2024

ದೊಡ್ಡಮ್ಮಾ,

ಇಷ್ಟು ದಿನ ಬರೆಯದೆ ಇದ್ದದ್ದು ಕೋಪದಿಂದ. ನಾನು ಪ್ರೀತಿಯಿಂದ ಕಳಿಸಿದ್ದನ್ನು ಹೊಳೆಗೆ ಹಾಕಿದೆಯಲ್ಲ ಅಂತ. ಈಗ ಕೋಪವಿಲ್ಲ.

ಕುಂಡ ಇದ್ದಲ್ಲಿ ಇರುತ್ತಿರಲಿಲ್ಲ. ಮಾಡಿನ ಕೆಳಗೆ ಇಟ್ಟರೆ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ, ಅಲ್ಲಿಂದ ತೆಗೆದರೆ ಅತ್ತೆಯ ಹಾಸಿಗೆಯ ಪಕ್ಕ. ಸಾಕಿದ ಬೆಕ್ಕಿನ ಹಾಗೆ. ಗುರುವಿನ ತಮಾಷೆ ಅಂದುಕೊಂಡು ಅವನ ಮೇಲೆ ರೇಗಿದೆ. ಅವನು, ‘ನನಗೆ ಗಾಳಿಯಂತ್ರ ತಿರುಗ್ಸೋದೇ ಸಾಕಾಗೈತೆ, ಕುಂಡ ಬೇರೆ ತಿರುಗ್ಸಲಾ?’ ಅಂದ.

ಶುಕ್ರವಾರ ಅತ್ತೆ ರೊಟ್ಟಿ ತಟ್ಟುವಾಗ ಪದೇ ಪದೇ ಭುಜಕ್ಕೆ ಕೆನ್ನೆ ಉಜ್ಜಿಕೊಳ್ಳುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಎಡಗೆನ್ನೆಯ ತುಂಬ ಕಳ್ಳಿಯ ಸಣ್ಣ ಮುಳ್ಳು. ಕಣ್ಣಿಗೆ ಕಾಣದಂಥ, ಧೂಳಿನ ಹಾಗೆ ಅಂಟುವಂಥ ಮುಳ್ಳು. ಬೆಳಕಿಗೆ ಕೂರಿಸಿ, ನನ್ನ ಹುಬ್ಬಿನ ಚಿಮಟದಿಂದ ಒಂದೊಂದೇ ಕೀಳತೊಡಗಿದೆ. ಬಿದ್ದಿರಾ ಅಂತ ಕೇಳಿದೆ. ಇಲ್ಲ ಅಂದರು. ಮತ್ತೆ ಕೆನ್ನೆಗೆ ಹೇಗೆ ತಾಗಿತು ಅಂತ ಕೇಳಿದೆ.

‘ಕೆನ್ನೆ ಕೊಟ್ಟಿದ್ದೆ’ ಅಂದರು.

ಗುರುವಿಗಿಂತ ಮುಂಚೆ ಒಬ್ಬಳು ಇದ್ದಳಂತೆ ದೊಡ್ಡಮ್ಮ. ಹೆಸರಿಡುವ ಮೊದಲೇ ಹೋದಳಂತೆ. ಹೆಸರಿಡದ ಕೂಸಿಗೆ ಇವರ ಕಡೆ ಗೋರಿ ಇಲ್ಲ. ಹೊಲದ ಮೂಲೆಯಲ್ಲಿ ಮಣ್ಣು ಮಾಡಿ, ನಾಯಿನರಿ ಕೆದರಬಾರದು ಅಂತ ಮೇಲೆ ಒಂದು ಕಳ್ಳಿ ಎಲೆ ನೆಡುವುದು. ಮತ್ತೆ ತಾಯಿ ಆ ಕಡೆ ಹೋಗುವ ಹಾಗಿಲ್ಲ, ಅಳುವ ಹಾಗಿಲ್ಲ. ಹಾಗೆ ಮಾಡಿದರೆ ಮುಂದಿನದೂ ನಿಲ್ಲುವುದಿಲ್ಲವಂತೆ.

‘ಮೂವತ್ನಾಕು ವರ್ಷ ಆತು. ಹೋಗಬ್ಯಾಡ ಅಂದ್ರು, ನಾ ಹೋಗ್ಲಿಲ್ಲ. ಈಗ ಅವಳೇ ಬಂದ್ಲು. ನೀನೇ ಕರ್ಕಂಡು ಬಂದಿ.’

ಇಷ್ಟು ಹೇಳುವಾಗಲೂ ಅತ್ತೆ ಅಳಲಿಲ್ಲ. ಅಭ್ಯಾಸ ತಪ್ಪಿಹೋಗಿರಬೇಕು. ನಾನು ಚಿಮಟ ಕೆಳಗಿಟ್ಟೆ. ಆ ಎಲೆಯನ್ನು ನಾನು ಬದನೆಕಾಯಿ ಕೀಳುವ ಹಾಗೆ ಇಕ್ಕಳದಲ್ಲಿ ಮುರಿದು ತಂದಿದ್ದೆನಲ್ಲ!

ಇನ್ನೊಂದು ವಿಷಯವಿದೆ. ಈಗ ಬರೆಯಲ್ಲ.

ರಕ್ಷಾ


ಹೊನ್ನಾಳಿ
27 ಆಗಸ್ಟ್ 2024

ರಕ್ಷಾ,

ಆ ಇನ್ನೊಂದು ವಿಷಯವನ್ನು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ನೀನು ಬಸುರಿ ಅಂತ ನಿನ್ನ ಅಕ್ಷರದಲ್ಲಿ ಓದಬೇಕಿತ್ತು ನಾನು.

ಪ್ರೇಮಮ್ಮನವರ ಸಂಕಟ ನನಗೆ ಅರ್ಥವಾಗುತ್ತದೆ, ನಿನಗಿಂತ ಹೆಚ್ಚು ಅರ್ಥವಾಗುತ್ತದೆ. ಆದರೆ ಅವರದು ಆಗಿಹೋದದ್ದು, ನಿನ್ನದು ಆಗಬೇಕಾದದ್ದು. ನಾನು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು, ಇದನ್ನೆಲ್ಲ ನಂಬಬಾರದು. ನಂಬುತ್ತೇನೋ ಇಲ್ಲವೋ, ಹೆದರಿಕೆಯಂತೂ ಇದೆ. ಬಸುರಿ ಇರುವ ಮನೆಯಲ್ಲಿ ಅದು ಇರಬಾರದು. ಅವರು ಇಲ್ಲದ ದಿನ ನೋಡಿ ವಾಪಸ್ ಇಟ್ಟು ಬಾ.

ನಾನು ಇನ್ನು ಬೇರೆ ಏನೂ ಕೇಳುವುದಿಲ್ಲ.

ದೊಡ್ಡಮ್ಮ


ಸೊಕ್ಕೆ
30 ಅಕ್ಟೋಬರ್ 2024

ದೊಡ್ಡಮ್ಮಾ,

ನೀನು ಹೇಳಿದಂತೆ ಮಾಡಿದೆ. ಅತ್ತೆ ತಮ್ಮ ತವರು ನ್ಯಾಮತಿಗೆ ಹೋದ ದಿನ, ಗುರು ಸೈಟಿಗೆ ಹೊರಟ ಮೇಲೆ, ಕುಂಡವನ್ನು ಹೊಲಕ್ಕೆ ಒಯ್ದು ಆ ದೊಡ್ಡ ಕಳ್ಳಿಯ ಬುಡದಲ್ಲಿಟ್ಟೆ. ಏನಾದರೂ ಹೇಳಬೇಕು ಅನ್ನಿಸಿತು. ಕರೆಯಲು ಹೆಸರಿಲ್ಲವಲ್ಲ, ‘ಬರ್ತೀನಿ’ ಅಂದಷ್ಟೇ ಬಂದೆ. ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ ಗಾಳಿಯಂತ್ರಗಳು ಉಸಿರೆಳೆಯುತ್ತಿದ್ದವು.

ಮಾರನೇ ಬೆಳಿಗ್ಗೆ ನೀರು ಹಾಕಲು ಬಾಗಿಲು ತೆಗೆದರೆ ಕುಂಡ ಹೊಸ್ತಿಲಲ್ಲಿತ್ತು. ಮಣ್ಣು ಒದ್ದೆಯಾಗಿತ್ತು.

ಅತ್ತೆ ಇನ್ನೂ ನ್ಯಾಮತಿಯಲ್ಲಿದ್ದರು. ಗುರು ಸೈಟಿನಿಂದ ಬಂದಿರಲಿಲ್ಲ. ಹೊಟ್ಟೆಯೊಳಗೆ ಮೊದಲ ಸಲ ಏನೋ ಮಿಸುಕಿತು. ಎಲ್ಲರೂ ಎಂದೆಂದೂ ನೆನಪಿಟ್ಟುಕೊಳ್ಳುವ ಗಳಿಗೆಯಂತೆ ಅದು, ನನಗೆ ಬಂದದ್ದು ಹಾಗೆ.

ಮಾವನನ್ನು ಕೇಳಿದೆ. ‘ನಾ ಯಾಕೆ ಮುಟ್ಲವ್ವ ಅದನ್ನ? ನಾ ಆ ಮೂಲೆಗೆ ಕಾಲಿಟ್ಟು ಎಷ್ಟು ಕಾಲ ಆತೋ’ ಅಂದು ಮುಖ ತಿರುಗಿಸಿದರು. ಆದರೆ ಅವತ್ತು ಮಧ್ಯಾಹ್ನ ಮಾವ ಮುದ್ದೆಯನ್ನು ಸ್ಪೂನಿನಲ್ಲಿ ತಿಂದರು. ಬೆರಳಿಗೆ ಏನಾಯಿತು ಅಂತ ನಾನು ಕೇಳಲಿಲ್ಲ. ಊಟವಾದ ಮೇಲೆ ಚಿಮಟವನ್ನು ಅವರ ತಟ್ಟೆಯ ಪಕ್ಕ ಇಟ್ಟು ಒಳಗೆ ಬಂದೆ.

ಹೆದರಿಕೆ ಹೋಗಿಲ್ಲ ದೊಡ್ಡಮ್ಮ. ಕುಂಡದ ಮುಂದೆ ಹಾಯುವಾಗ ಈಗಲೂ ಸೆರಗಿನಲ್ಲಿ ಹೊಟ್ಟೆ ಮುಚ್ಚಿಕೊಳ್ಳುತ್ತೇನೆ. ಅತ್ತೆ ಅದನ್ನು ನೋಡಿದ್ದಾರೆ. ನಿನ್ನೆ ನಾನು ಹಾದುಹೋದ ಮೇಲೆ ಕುಂಡಕ್ಕೆ ಹೇಳುತ್ತಿದ್ದರು, ‘ನಿನ್ನ ತಮ್ಮನ ಹೆಂಡ್ತಿ. ಎಳೇ ಹುಡುಗಿ, ಹೆದರ್ತಾಳೆ. ನೀ ಬೇಜಾರು ಮಾಡ್ಕಬ್ಯಾಡ.’

ನಾದಿನಿಯ ಕಾಟವಿಲ್ಲ ಅಂತ ನಿನಗೆ ಬರೆದಿದ್ದೆನಲ್ಲ. ಇನ್ನೊಂದು ಸಲ ಅವಳನ್ನು ಹೊರಗೆ ಇಡಲು ನನ್ನಿಂದ ಆಗುವುದಿಲ್ಲ. ನೀನು ಬೈದರೂ ಸರಿ. ಬೈದಾದರೂ ಬರೆ.

ರಕ್ಷಾ


ಹೊನ್ನಾಳಿ
22 ಮಾರ್ಚ್ 2025

ರಕ್ಷಾ,

ಹೆಣ್ಣುಮಗು, ಇಬ್ಬರೂ ಸುಖವಾಗಿದ್ದೀರಿ ಅಂತ ತಿಳಿಯಿತು. ಅಷ್ಟು ಸಾಕು ನನಗೆ. ಹೆಸರಿಡುವುದಕ್ಕೆ ಬರಲಾಗುವುದಿಲ್ಲ, ಮಂಡಿನೋವು. ತಪ್ಪು ತಿಳಿಯಬೇಡ.

ದೊಡ್ಡಮ್ಮ


ಚನ್ನಗಿರಿ
14 ಏಪ್ರಿಲ್ 2025

ದೊಡ್ಡಮ್ಮಾ,

ಮಂಡಿನೋವಿನವಳು ಹೋದ ವಾರ ಹೊಳೆಯ ಮೆಟ್ಟಿಲು ಇಳಿದು ಹತ್ತಿದ್ದನ್ನು ಸಿದ್ದು ನೋಡಿದ್ದಾನೆ. ನನ್ನ ಮೇಲೆ ಕೋಪ ಅಂದುಕೊಂಡಿದ್ದೇನೆ. ಆದರೂ ಬರೆಯುತ್ತೇನೆ. ಇದನ್ನು ಇನ್ಯಾರಿಗೂ ಹೇಳಲು ಬರುವುದಿಲ್ಲ.

ತೊಟ್ಟಿಲಲ್ಲಿ ಮಲಗಿಸಿ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ ತಾನೇ? ಗುರುಗೆ ಅಕ್ಕತಂಗಿಯರಿಲ್ಲ ಅಂತ ಅಮ್ಮ ಅವನ ಚಿಕ್ಕಪ್ಪನ ಮಗಳು ಅನಿತಾಳನ್ನು ಗೊತ್ತುಮಾಡಿದ್ದಳು. ಕಾರ್ಡಿನಲ್ಲಿ ಮಗುವಿನ ಹೆಸರು ‘ಆದ್ಯಾ’ ಅಂತ ಅಚ್ಚಾಗಿತ್ತು.

ಅತ್ತೆ ಗುರುವಿನ ಜೊತೆ ಕಾರಿನಲ್ಲಿ ಬರಲಿಲ್ಲ. ಜಗಳೂರಿನಿಂದ ದಾವಣಗೆರೆಗೆ, ಅಲ್ಲಿಂದ ಇಲ್ಲಿಗೆ, ಬಸ್ಸಿನಲ್ಲೇ ಬಂದರು. ಮಡಿಲಲ್ಲಿ ಕುಂಡ! ಬಾಗಿಲಲ್ಲಿ ನಿಂತೇ ಹೇಳತೊಡಗಿದರು:

‘ಅದಕ್ಕೂ ಟಿಕೆಟ್ ತಗಳ್ರಿ ಅಂದ ಕಂಡಕ್ಟರ್. ಹೆಣ್ಮಗಳಪ್ಪ, ಫ್ರೀ ಅಲ್ಲೇನು ಅಂದೆ. ಹಂಗಾರೆ ಆಧಾರ್ ಕಾರ್ಡ್ ತೋರ್ಸ್ರಿ ಅಂತಾನೆ. ಹೆಸರೇ ಇಟ್ಟಿಲ್ಲ, ಆಧಾರ್ ಎಲ್ಲಿಂದ ತರ್ಲಿ ಅಂದೆ. ಬಸ್ಸಿನಾಗೆ ಎಲ್ರೂ ನಕ್ರು. ನಾನೂ ನಕ್ಕೆ.’

ಇಲ್ಲಿ ಯಾರೂ ನಗಲಿಲ್ಲ. ಅಮ್ಮ ತೊಟ್ಟಿಲಿಗೆ ಅಡ್ಡ ನಿಂತು, ‘ಬೀಗ್ರೇ, ಕೂಸಿನ ಹತ್ರ ಮುಳ್ಳು ಬ್ಯಾಡ್ರೀ, ಕೈ ಮುಗೀತೀನಿ’ ಅಂದಳು.

‘ಸೋದರತ್ತೆ ಬಂದಾಳ್ರೀ. ಹೆಸರು ಹೇಳಿ ಹೋಗ್ತಾಳೆ.’

ಪಕ್ಕದ ಮನೆಯ ಚೌಡಕ್ಕನಿಗೆ ನಾಲಿಗೆ ಸುಮ್ಮನಿರುತ್ತದೆಯೇ? ‘ತನಗೇ ಹೆಸರಿಲ್ದೋಳು ಇನ್ನೊಬ್ರಿಗೆ ಹೆಂಗೆ ಹೆಸರಿಡ್ತಾಳಮ್ಮ?’

ಅತ್ತೆಯ ಮುಖ ನೋಡಲಾಗಲಿಲ್ಲ. ಅವರು ಕುಂಡವನ್ನು ಮಣೆಯ ಮೇಲಿಟ್ಟು, ಮಂಡಿಯೂರಿ ಕೂತರು. ನಾನು ತಂದ ಎಲೆಯ ನೆತ್ತಿಯಲ್ಲಿ ಈಚೆಗೆ ಒಂದು ಎಳೆಯ ಎಲೆ ಬಂದಿದೆ, ಥೇಟ್ ಕಿವಿಯ ಹಾಗೆ. ಅತ್ತೆ ಬಾಗಿ ಅದಕ್ಕೆ ಬಾಯಿ ತಾಗಿಸಿ ಏನೋ ಹೇಳಿದರು. ಒಂದೇ ಮಾತು. ತಲೆಯೆತ್ತಿದಾಗ ತುಟಿಯ ಮೇಲೆಲ್ಲ ಮುಳ್ಳು. ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಮ್ಮ ನನ್ನ ಕೈ ಹಿಡಿದಿದ್ದಳು. ಬಿಡಿಸಿಕೊಂಡೆ. ಕುಂಡವನ್ನು ನಾನೇ ಎತ್ತಿ ತೊಟ್ಟಿಲಿನ ಹತ್ತಿರ ಹಿಡಿದೆ. ಕುಂಡ ಜಾರಿದರೆ ಅನ್ನುವುದೊಂದೇ ಯೋಚನೆ. ಬೆಳಗಿನಿಂದ ಅಳುತ್ತಿದ್ದ ಮಗು ಸುಮ್ಮನಾಯಿತು. ಕತ್ತು ಹೊರಳಿಸಿ ಆ ಕಡೆ ಕಿವಿ ಕೊಟ್ಟಿತು. ಅಷ್ಟು ಎಳೆಯ ಮಗು, ಕೇಳಿಸಿಕೊಳ್ಳುವವರ ಹಾಗೆ.

‘ಹೇಳಿದ್ಲಾ?’ ಅತ್ತೆ ಕೇಳಿದರು.

‘ಹೇಳಿದ್ಲು ಅತ್ತೆ’ ಅಂದೆ.

ಸಮಾಧಾನಕ್ಕೆ ಹೇಳಿದೆ ಅಂತ ಎಲ್ಲರೂ ತಿಳಿದರು. ಆಮೇಲೆ ಅನಿತಾ ‘ಆದ್ಯಾ’ ಅಂತ ಜೋರಾಗಿ ಕೂಗಿದಳು, ಫೋಟೋ ತೆಗೆದರು, ಊಟವಾಯಿತು. ಆದರೆ ಕುಂಡ ಹಿಡಿದು ಬಾಗಿದ್ದಾಗ ನನಗೊಂದು ಹೆಸರು ಗೊತ್ತಾಯಿತು ದೊಡ್ಡಮ್ಮ. ಆದ್ಯಾ ಅಲ್ಲ. ನಾನು ಯಾವತ್ತೂ ಕೇಳದ, ಯಾವ ಪುಸ್ತಕದಲ್ಲೂ ಓದದ ಹೆಸರು. ಯಾರೂ ಇಲ್ಲದಾಗ ಆ ಹೆಸರಿನಿಂದ ಕರೆದರೆ ಮಗಳು ತಿರುಗುತ್ತಾಳೆ. ಆದ್ಯಾ ಅಂದರೆ ತಿರುಗುವುದಿಲ್ಲ.

ಅತ್ತೆ ಅವತ್ತು ಕುಂಡಕ್ಕೆ ಹೇಳಿದ್ದೂ ಅದೇ ಹೆಸರೋ? ಕೇಳಲು ಧೈರ್ಯವಿಲ್ಲ.

ನಿನ್ನ ರಕ್ಷಾ


ಹೊನ್ನಾಳಿ
2 ಮೇ 2025

ರಕ್ಷಾ, ಮಗಳೇ,

ಕೋಪವಲ್ಲ. ಮಂಡಿನೋವೂ ಅಲ್ಲ.

ನೀನು ಕಳಿಸಿದ ಎಲೆಯನ್ನು ಹೊಳೆಗೆ ಬಿಡಲಿಲ್ಲ. ಡಬ್ಬಿ ಬಂದ ದಿನ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲು ಇಳಿದೆ, ನೀರಿನವರೆಗೂ ಹೋಗಿ ವಾಪಸ್ ಬಂದೆ. ಈಗಲೂ ಆಗಾಗ ಬರಿಗೈಯಲ್ಲಿ ಹಾಗೇ ಹೋಗಿ ಬರುತ್ತೇನೆ. ಸಿದ್ದು ನೋಡಿದ್ದು ಅದನ್ನೇ.

ನಿನ್ನ ಮೊದಲ ಕಾಗದದಲ್ಲಿ ಒಂದು ಸಾಲು ತಿದ್ದಬೇಕು ಅನ್ನಿಸಿತ್ತು ಅಂದಿದ್ದೆ. ‘ನಿನಗೆ ಮಕ್ಕಳಿಲ್ಲ’ ಅನ್ನುವ ಸಾಲು ಅದು. ನನಗೂ ಒಬ್ಬನಿದ್ದ. ನಿನ್ನ ಅಮ್ಮನಿಗೂ ಗೊತ್ತಿಲ್ಲ, ಆಗ ಅವಳು ಚಿಕ್ಕವಳು. ನಮ್ಮವರೂ ಗದ್ದೆಯ ಬದುವಿನಲ್ಲಿ ಮಣ್ಣು ಮಾಡಿ ಮೇಲೆ ಕಳ್ಳಿ ನೆಟ್ಟರು. ಸೊಕ್ಕೆಯ ಒಣನೆಲವಲ್ಲ ಇದು. ಆ ಮಳೆಗಾಲ ಹೊಳೆ ಉಕ್ಕಿ ಗದ್ದೆಯಲ್ಲಿ ನೀರು ನಿಂತಿತು. ಕಳ್ಳಿ ಕೊಳೆತು ಹೋಯಿತು. ಯಾವ ಬದು ಅಂತ ತೋರಿಸುವವರು ಈಗ ಯಾರೂ ಇಲ್ಲ. ಪ್ರೇಮಮ್ಮನವರಿಗೆ ಹೋಗಬಾರದ ಜಾಗವಾದರೂ ಒಂದಿತ್ತು.

ನಿನ್ನ ನಾದಿನಿಯ ಗಿಡದ ಎಲೆ ನನ್ನ ಹಿತ್ತಲಲ್ಲಿ ಬೇರು ಬಿಟ್ಟಿದೆ. ಇದರ ನೆತ್ತಿಯಲ್ಲೂ ಒಂದು ಎಳೆಯ ಎಲೆ ಬಂದಿದೆ. ನೀನು ಬರೆದದ್ದು ಸರಿ, ಥೇಟ್ ಕಿವಿಯ ಹಾಗೆ. ಅದು ಅವರ ಮಗಳ ಗಿಡ, ಅದರಲ್ಲಿ ನನ್ನವನನ್ನು ಕರೆಯುವುದು ಸರಿಯೋ ತಪ್ಪೋ ಅಂತ ಬಹಳ ದಿನ ಯೋಚಿಸಿದೆ. ನಿನ್ನೆ ಸಂಜೆ ಬಾಗಿ ಆ ಕಿವಿಯಲ್ಲಿ ಹೇಳಿದೆ. ಹೇಳುವ ತನಕ ಅವನಿಗೆ ಅಂಥದೊಂದು ಹೆಸರಿದೆ ಅಂತ ನನಗೇ ಗೊತ್ತಿರಲಿಲ್ಲ.

ಚಿಮಟ ಕೈಯಲ್ಲೇ ಹಿಡಿದು ಕೂತಿದ್ದೇನೆ. ಪ್ರೇಮಮ್ಮನವರನ್ನು ಒಂದು ಮಾತು ಕೇಳಿ ಬರೆ: ತುಟಿಯ ಮುಳ್ಳನ್ನು ಅವರು ತೆಗೆಸಿಕೊಂಡರೋ, ಹಾಗೇ ಬಿಟ್ಟರೋ?

ದೊಡ್ಡಮ್ಮ